ಏಳು ಕೈಯ ಕಟ್ಟು

ಕಬ್ಬಿನ ಗಾಣಕ್ಕೆ ಕಬ್ಬು ಯಾವುದು ಕೈ ಯಾವುದು ತಿಳಿಯದು.
ಪಂಪ್‌ವೆಲ್ಲಿನ ಹತ್ತಿರ ತಮ್ಮನ ಗಾಡಿ.
ಅವನು ಐಸು ತರಲು ಹೋದ ಐದು ನಿಮಿಷ
ನಾನು ನಿಂತಿದ್ದೆ, ಅಷ್ಟೆ.
ಮೊದಲು ಬಳೆ ಸಿಕ್ಕಿತು. ಆಮೇಲೆ ನಾನು.

ವೆನ್ಲಾಕಿನಲ್ಲಿ ಹೊಲಿದರು, ಕಂಬಿ ಚುಚ್ಚಿದರು,
ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ತೆಗೆದರು.
"ಹೆಬ್ಬೆರಳು ಉಳಿಯಿತಲ್ಲ, ಪುಣ್ಯ" ಎಂದರು ಡಾಕ್ಟರು.
ಪುಣ್ಯದ ಲೆಕ್ಕ ನನಗೆ ಬಾರದು, ಬೀಡಿಯ ಲೆಕ್ಕ ಬರುತ್ತದೆ:
ದಿನಕ್ಕೆ ಎಂಟುನೂರು, ಇಪ್ಪತ್ತೈದಕ್ಕೊಂದು ಕಟ್ಟು,
ಹೀಗೆ ಇಪ್ಪತ್ತೆರಡು ವರ್ಷ.
ಪುಸ್ತಕದಲ್ಲಿ ಪುಟ ಖಾಲಿ ಬಿದ್ದರೆ ಹೆಸರು ಹೋಗುತ್ತದೆ,
ಹೆಸರು ಹೋದರೆ
ಇಪ್ಪತ್ತೆರಡು ವರ್ಷ ಬರೇ ಹೊಗೆ.

ಮೊದಲ ವಾರ ಬಜಾಲಿನ ಅರ್ಧ ಊರು ಬಂತು
ಬ್ರೆಡ್ಡು, ಮೂಸಂಬಿ, ಅಯ್ಯೋ ಪಾಪ.
ಎರಡನೇ ವಾರ ಅಯ್ಯೋ ಪಾಪ ಮಾತ್ರ.
ಮೂರನೇ ವಾರ ಜುಬೈದಾ ಬಂದು
ಏನೊಂದೂ ಕೇಳದೆ
ಮೂಲೆಯಲ್ಲಿದ್ದ ನನ್ನ ತಡ್ಪೆಯ ಧೂಳು ಕೊಡವಿ
ನನ್ನ ಪಾಲಿನ ಎಲೆ ನೆನೆಹಾಕಿ ಹೋದಳು.

ಮಧ್ಯಾಹ್ನ ನನ್ನ ಜಗಲಿಯಲ್ಲಿ ಕತ್ತರಿಗಳ ಸದ್ದು.
ಕಣ್ಣು ಮಂಜಾದ ಸೇಸಮ್ಮ
ನೋಡದೆಯೇ ಸುತ್ತುತ್ತಾಳೆ, ನೋಡದೆಯೇ ಬಯ್ಯುತ್ತಾಳೆ.
ವಾರಿಜ ಧಾರಾವಾಹಿಯ ಕತೆ ಹೇಳಿ
ಕೊನೆಯನ್ನು ತಾನೇ ಬದಲಿಸುತ್ತಾಳೆ.
ಒಬ್ಬೊಬ್ಬರೂ ಹೋಗುವಾಗ ತಮ್ಮದರಿಂದ
ಮೂರು ಕಟ್ಟು, ನಾಲ್ಕು ಕಟ್ಟು ನನ್ನ ತಡ್ಪೆಗೆ.
ಚರಂಡಿ ನೀರಿನ ಜಗಳವಾಗಿ ಒಂಬತ್ತು ವರ್ಷ
ನನ್ನೊಡನೆ ಮಾತಿಲ್ಲದ ಮೋಹಿನಿ
ತಾನು ಬರಲಿಲ್ಲ, ಮಗಳ ಕೈಯಲ್ಲಿ ಕಳಿಸಿದಳು.
"ಯಾರು ಕೊಟ್ಟರು?" ಎಂದರೆ
"ಯಾರೂ ಇಲ್ಲ" ಎಂದು ಓಡಿತು ಹುಡುಗಿ.

ರವಕೆಯ ಹುಕ್ಕು ಹಾಕಿಸಿಕೊಳ್ಳುವುದು,
ತಲೆ ಬಾಚಿಸಿಕೊಳ್ಳುವುದು,
ಇವನ್ನು ಯಾರಿಗೂ ಹೇಳಬೇಡಿ.
ಬೆನೆಡಿಕ್ಟಾ ಬಾಯಿ ಬಂಗುಡೆಯ ಮುಳ್ಳು ಬಿಡಿಸಿ
ತಟ್ಟೆಯ ಅಂಚಿಗಿಟ್ಟ ದಿನ ಕಿರುಚಿಬಿಟ್ಟೆ:
"ನಾನೇನು ತೊಟ್ಟಿಲ ಮಗುವಾ?"
ಮರುದಿನ ಮುಳ್ಳಿನ ಸಮೇತ ಬಡಿಸಿದಳು.
ಎಡಗೈಯಲ್ಲಿ ನಾನು ಒದ್ದಾಡುತ್ತಿದ್ದರೆ
ಎದುರು ಕೂತು ನೋಡಿದಳು,
ಕೊನೆಯ ತುತ್ತಿನವರೆಗೂ ಏಳಲಿಲ್ಲ.

ಬ್ರಾಂಚಿನ ತನಿಯಪ್ಪಣ್ಣನಿಗೆ
ಬೀಡಿ ನೋಡಿದರೆ ಸಾಕು, ಕೈ ಗೊತ್ತು.
ಶನಿವಾರ ನನ್ನ ಕಟ್ಟು ಬಿಚ್ಚಿ ಹರಡಿದ.
"ಈ ತಲೆ ಮಡಚಿದ್ದು ಸೇಸಮ್ಮ.
ಇದು ವಾರಿಜ, ಹೊಗೆಸೊಪ್ಪು ತುರುಕುವುದೆಂದರೆ ಅವಳೇ.
ಇದು... ಮೋಹಿನಿಯದಾ?
ನಿಮಗಿಬ್ಬರಿಗೆ ಮಾತಿಲ್ಲವಲ್ಲ?"
ನಾನು ಬ್ಯಾಂಡೇಜಿನ ಕಡೆ ನೋಡುತ್ತ ನಿಂತೆ.
"ಏಳು ಕೈ ಉಂಟು ಇದರಲ್ಲಿ, ನಿನ್ನದೊಂದು ಬಿಟ್ಟು."
ಎಂದಿನ ಹಾಗೆ ನಾಲ್ಕನ್ನು ಮುರಿದು ಎಸೆದ,
ಉಳಿದದ್ದನ್ನು ನನ್ನ ಪುಸ್ತಕದಲ್ಲಿ ಬರೆದ.
ಆ ನಾಲ್ಕು ಮುರಿದದ್ದೇ ನನಗೆ ಸಮಾಧಾನ;
ಕರುಣೆಗೆ ಪಾಸು ಮಾಡಿದ್ದರೆ
ಬಸ್ಸಿನವರೆಗೂ ನಡೆಯಲಾಗುತ್ತಿರಲಿಲ್ಲ.

ಆಮೇಲೆ ಚೆಂಡು ಹಿಸುಕುವುದು,
ಹೆಸರುಕಾಳು ಒಂದೊಂದೇ ಹೆಕ್ಕಿ ಲೋಟಕ್ಕೆ ಹಾಕುವುದು.
ಜುಬೈದಾಳ ಕಿರಿಯವನು ಎಣಿಸುತ್ತಾನೆ,
"ಹತ್ತಲ್ಲ, ಏಳೇ ಆದದ್ದು" ಎಂದು ಜಗಳ ತೆಗೆಯುತ್ತಾನೆ.
ಮುಷ್ಟಿ ಇನ್ನೂ ಪೂರ್ತಿ ಮುಚ್ಚುವುದಿಲ್ಲ;
ಆಸ್ಪತ್ರೆಯ ಹುಡುಗಿ ಸ್ಕೇಲಿಟ್ಟು ಅಳೆಯುತ್ತಾಳೆ.
ರಾತ್ರಿ, ಇಲ್ಲದ ಕಿರುಬೆರಳು ತುರಿಸುತ್ತದೆ.

ಎಂಟನೇ ತಿಂಗಳು ಜುಬೈದಾಳಿಗೆ ಚಿಕೂನ್‌ಗುನ್ಯಾ.
ಗಂಟುಗಂಟು ಊದಿ ಎಲೆ ಹಿಡಿಯಲಾಗದು.
ಅವಳ ಜಗಲಿಯಲ್ಲಿ ಈಗ ಕತ್ತರಿಗಳು.
ನಾನೂ ಕೂತೆ.
ಊಟದಿಂದ ದೀಪ ಹಚ್ಚುವವರೆಗೆ ಹನ್ನೆರಡು ಬೀಡಿ,
ಸೊಟ್ಟ, ಸಡಿಲ, ಒಂದಕ್ಕೊಂದು ಹೋಲದವು.
ಅವಳ ಕಟ್ಟುಗಳ ನಡುವೆ ಹುದುಗಿಸಿ
ಶನಿವಾರ ನಾನೇ ಹೊತ್ತುಕೊಂಡು ಹೋದೆ.

ತನಿಯಪ್ಪಣ್ಣ ಒಂದನ್ನು ಎತ್ತಿ
ಕಿಟಕಿಯ ಬೆಳಕಿಗೆ ಹಿಡಿದ.
ತಿರುಗಿಸಿದ. ಮೂಸಿದ. ಕನ್ನಡಕ ಒರೆಸಿಕೊಂಡ.
"ಇದು ಯಾರ ಕೈ?"
ಇಪ್ಪತ್ತೆರಡು ವರ್ಷದಲ್ಲಿ
ಅವನು ಇದನ್ನು ನನ್ನೊಡನೆ ಕೇಳಿದ್ದಿಲ್ಲ.

"ಹೊಸಬಳು" ಎಂದೆ. "ಈಗ ಕಲಿಯುತ್ತಿದ್ದಾಳೆ."
ಆರನ್ನು ಮುರಿದ.